ಹೊಲ ಒಂದೇ, ಹದ ಹಲವು



ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಊರುಗಳಲ್ಲಿ ಕುಳಿತು ಈ ಮಾತು ಕೇಳುತ್ತಿರುವ ನಿಮ್ಮೆಲ್ಲರ ಮುಂದೆ ಇಂದು ಒಂದು ಹೊಸ ಹೆಸರು ಇಡುತ್ತಿದ್ದೇವೆ. ಅದು ನಿಖರ ಕೃಷಿ. ಹೆಸರು ಕೇಳಿದ ಕೂಡಲೇ ಆಕಾಶದಲ್ಲಿ ಹಾರುವ ಡ್ರೋನ್, ಉಪಗ್ರಹ, ಚಾಲಕನಿಲ್ಲದೆ ಓಡುವ ಟ್ರ್ಯಾಕ್ಟರ್ ನೆನಪಿಗೆ ಬರುತ್ತವೆ. ನಾಲ್ಕು ಎಕರೆ ಹೊಲದವರಿಗೆ ಇದರಿಂದ ಏನು ಬಂತು ಎಂದು ನೀವು ಕೇಳಬಹುದು. ಆ ಪ್ರಶ್ನೆಗೇ ಇಂದಿನ ಉತ್ತರ.

ಮೊದಲು ಒಂದು ಲೆಕ್ಕ ನೋಡೋಣ. ನಮ್ಮ ಬೇಸಾಯದಲ್ಲಿ ಮೂರು ಸಂಗತಿಗಳು ಮುಖ್ಯ: ಮಳೆ, ಮಾಲಿನ ಬೆಲೆ ಮತ್ತು ಹೊಲಕ್ಕೆ ಹಾಕುವ ಖರ್ಚು. ಮಳೆ ನಮ್ಮ ಮಾತು ಕೇಳುವುದಿಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. 2025ರ ಸೆಪ್ಟೆಂಬರಿನಲ್ಲಿ ಇದೇ ಮರಾಠವಾಡದ ಹೊಲಗಳು ನೀರಿನಲ್ಲಿ ಮುಳುಗಿದವು. ಬೆಲೆಯೂ ನಮ್ಮ ಕೈಯಲ್ಲಿಲ್ಲ. 2024–25ರ ಹಂಗಾಮಿಗೆ ಸೋಯಾಬೀನಿಗೆ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ ಇತ್ತು, ಪೇಟೆಯಲ್ಲಿ ದರ ಅದಕ್ಕಿಂತ ಕೆಳಗೇ ಓಡಿತು. ಉಳಿದದ್ದು ಮೂರನೆಯದು. ಬೀಜ, ಗೊಬ್ಬರ, ಔಷಧ, ನೀರು, ಕೂಲಿ ಇವುಗಳ ಖರ್ಚು ಮಾತ್ರ ಒಂದಿಷ್ಟಾದರೂ ನಮ್ಮ ಹಿಡಿತದಲ್ಲಿದೆ. ಸಾಲ ತಂದ ಹಣ ಮೊದಲು ಹೋಗುವುದೂ ಇಲ್ಲಿಗೇ. ಆದ್ದರಿಂದ ಯಾವುದನ್ನು, ಎಲ್ಲಿ, ಯಾವಾಗ, ಎಷ್ಟು ಹಾಕಬೇಕು ಎಂದು ಅಳೆದು ಹಾಕುವುದೇ ನಿಖರ ಕೃಷಿ. ಯಂತ್ರಗಳು ಆ ಅಳತೆಗೆ ಸಹಾಯ ಮಾಡುವ ಸಾಧನಗಳು, ಅಷ್ಟೆ.

ಈ ವಿಚಾರ ನಮಗೆ ಪೂರ್ತಿ ಹೊಸದೇನೂ ಅಲ್ಲ. ನಮ್ಮ ಹಿರಿಯರು ಒಂದೇ ಹೊಲದ ತುಣುಕುಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿದ್ದರು. ಇದು ದಿನ್ನೆ, ಅದು ತಗ್ಗು, ಇದು ಹಳ್ಳದ ಮಗ್ಗಲು, ಅದು ಕೊಟ್ಟಿಗೆ ಕಡೆಯ ಪಟ್ಟಿ ಎನ್ನುತ್ತಿದ್ದರು. ದಿನ್ನೆಯಲ್ಲಿ ಗೇಣುದ್ದ ಅಗೆದರೆ ಮುರುಮ್ ಸಿಗುತ್ತದೆ. ನೀರು ನಿಲ್ಲುವುದಿಲ್ಲ, ಬೆಳೆ ಬೇಗ ಬಾಡುತ್ತದೆ. ತಗ್ಗಿನಲ್ಲಿ ಆಳದ ಎರೆ ಇದೆ. ಮಳೆ ಹೆಚ್ಚಾದರೆ ಬೇರು ಕೊಳೆಯುತ್ತದೆ, ಮಳೆ ಹೋದ ಮೇಲೂ ಕಡಲೆ, ಬಿಳಿಜೋಳ ಅದರ ಹಸಿಯ ಮೇಲೆಯೇ ಬರುತ್ತವೆ. ಮರಾಠಿಯಲ್ಲಿ ಇವನ್ನೇ ಹಲಕೀ ಜಮೀನ್, ಭಾರೀ ಜಮೀನ್ ಎನ್ನುವುದು ನಿಮಗೆ ಗೊತ್ತೇ ಇದೆ. ವಿಜ್ಞಾನಿಗಳು ಈಗ ‘ನಿರ್ವಹಣಾ ವಲಯ’ ಎಂದು ಕರೆಯುವುದು ಇದನ್ನೇ.

ಆದರೆ ಗೊಬ್ಬರದ ಚೀಲ ಬಂದ ಮೇಲೆ ಈ ಭೇದ ಮರೆತುಹೋಯಿತು. ದಿನ್ನೆಗೂ ತಗ್ಗಿಗೂ ಅದೇ ಚೀಲ, ಅದೇ ಅಳತೆ. ಅಂಗಡಿಯ ಮುಂದೆ ನಿಂತಾಗ, “ಕಾಕಾ, ಆಜೂಬಾಜೂದವರು ಏನ್ ಒಯ್ದಾರ್ರಿ?” ಎಂದು ಕೇಳುತ್ತೇವೆ. “ಎಲ್ಲಾರೂ ಎಕರೆಕ್ಕ ಎರಡ್ ಚೀಲ ಡಿಎಪಿ ಒಯ್ದಾರಪ್ಪಾ” ಎಂಬ ಉತ್ತರ ಬರುತ್ತದೆ. ನಾವೂ ಎರಡು ಚೀಲ ತರುತ್ತೇವೆ. ಆಜೂಬಾಜೂದವರ ಹೊಲದ ಮಣ್ಣು ನಮ್ಮ ಹೊಲದ ಮಣ್ಣಲ್ಲ ಎಂಬುದು ಆಗ ನೆನಪಾಗುವುದಿಲ್ಲ.

ಹಾಗಾದರೆ ಆರಂಭ ಎಲ್ಲಿಂದ? ಒಂದು ಹಾಳೆ ಮತ್ತು ಒಂದು ಪೆನ್ಸಿಲಿನಿಂದ. ನಿಮ್ಮ ಗಟ ನಂಬರಿನ ಹೊಲವನ್ನು ಹಾಳೆಯ ಮೇಲೆ ಬರೆಯಿರಿ. ಬದು, ಬಾವಿ, ಹಳ್ಳ, ಮರ ಗುರುತಿಸಿ. ಯಾವ ಕಡೆ ಪ್ರತಿ ವರ್ಷ ಬೆಳೆ ಹಳದಿಯಾಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ತೊಗರಿ ಸಿಡಿ ರೋಗ ಬಿದ್ದು ಒಣಗುತ್ತದೆ, ಎಲ್ಲಿ ರಾಶಿ ಚೆನ್ನಾಗಿ ಬರುತ್ತದೆ ಎಂದು ಬರೆದುಕೊಳ್ಳಿ. ಎರಡು ಅಥವಾ ಮೂರು ವಲಯಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. ಈ ನಕ್ಷೆ ಇಲ್ಲದೆ ಮುಂದಿನ ಯಾವ ಯಂತ್ರವೂ ಕೆಲಸಕ್ಕೆ ಬರುವುದಿಲ್ಲ.

ಎರಡನೆಯ ಹೆಜ್ಜೆ ಮಣ್ಣು ಪರೀಕ್ಷೆ. ಭಾರತ ಸರಕಾರದ ಮಣ್ಣಿನ ಆರೋಗ್ಯ ಚೀಟಿ ಯೋಜನೆ 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತಗಡದಲ್ಲಿ ಆರಂಭವಾಯಿತು. ಈ ಚೀಟಿ ಅನೇಕರ ಮನೆಯಲ್ಲಿದೆ, ಪೆಟ್ಟಿಗೆಯಲ್ಲಿ ಸಾತ್-ಬಾರಾ ಉತಾರೆಯ ಜೊತೆ ಮಡಿಸಿಟ್ಟಿದ್ದೀರಿ. ಒಂದು ವಿಷಯ ಗಮನಿಸಿ. ಆ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಪದ್ಧತಿ ಇಟ್ಟರು. ಹತ್ತು ಹೆಕ್ಟೇರ್ ಎಂದರೆ ಸುಮಾರು 25 ಎಕರೆ. ಅಷ್ಟರಲ್ಲಿ ಐದಾರು ಮನೆಗಳ ಹೊಲ ಬರುತ್ತವೆ. ಅಂದರೆ ಚೀಟಿಯಲ್ಲಿ ಹೆಸರು ನಿಮ್ಮದಿದ್ದರೂ ಮಣ್ಣು ಪಕ್ಕದವರದ್ದಾಗಿರಬಹುದು. ಊರಿನ ಮಣ್ಣಿನ ಸಾಮಾನ್ಯ ಗುಣ ತಿಳಿಯಲು ಅದು ಸಾಕು. ನಿಮ್ಮ ದಿನ್ನೆಗೆ ಎಷ್ಟು, ನಿಮ್ಮ ತಗ್ಗಿಗೆ ಎಷ್ಟು ಎಂದು ನಿರ್ಧರಿಸಲು ನಿಮ್ಮದೇ ಮಣ್ಣು ಕೊಡಬೇಕು.

ಮಣ್ಣು ತೆಗೆಯುವ ಕ್ರಮ ಹೀಗಿದೆ. ಹಿಂಗಾರಿ ರಾಶಿ ಮುಗಿದ ಮೇಲೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಗೊಬ್ಬರ ಹಾಕುವ ಮೊದಲು ತೆಗೆಯಿರಿ. ಒಂದೊಂದು ವಲಯಕ್ಕೂ ಬೇರೆ ಮಾದರಿ ಇರಲಿ. ವಲಯದಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಅಕ್ಷರದಂತೆ ಅರ್ಧ ಅಡಿಗಿಂತ ತುಸು ಹೆಚ್ಚು ಆಳದ ಗುಂಡಿ ತೆಗೆದು, ಅದರ ಮಗ್ಗಲಿನಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಬೆರಳು ದಪ್ಪದ ಮಣ್ಣು ಕೆರೆದುಕೊಳ್ಳಿ. ಬದುವಿನ ಹತ್ತಿರ, ಮರದ ಕೆಳಗೆ, ತಿಪ್ಪೆಯ ಜಾಗದಲ್ಲಿ ತೆಗೆಯಬೇಡಿ. ಗೊಬ್ಬರದ ಚೀಲದಲ್ಲಿ ತುಂಬಬೇಡಿ, ಕಬ್ಬಿಣದ ಬುಟ್ಟಿ ಬೇಡ. ಎಲ್ಲವನ್ನೂ ಸ್ವಚ್ಛ ಬಟ್ಟೆಯ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ. ಹೀಗೆಯೇ ಮಾಡುತ್ತ ಅರ್ಧ ಕಿಲೋ ಉಳಿಸಿ, ನೆರಳಲ್ಲಿ ಒಣಗಿಸಿ, ಚೀಟಿ ಬರೆದು ಕಳಿಸಿ. ತಾಲೂಕು ಕೃಷಿ ಕಚೇರಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಪ್ರಯೋಗಶಾಲೆಯ ದಾರಿ ಹೇಳುತ್ತಾರೆ.

ಇನ್ನು ವರದಿ ಬಂತು ಎನ್ನಿ. ಅದು ಮರಾಠಿಯಲ್ಲಿರುತ್ತದೆ. ಶಾಲೆಯಲ್ಲಿ ಮರಾಠಿ ಓದಿದ ಮಕ್ಕಳಿಗೆ ಅಕ್ಷರ ಬರುತ್ತದೆ, ಆದರೆ ಬೇಸಾಯದ ಶಬ್ದದ ಅರ್ಥ ಗೊತ್ತಿರುವುದಿಲ್ಲ. ಬೇಸಾಯ ಬಲ್ಲ ಹಿರಿಯರಿಗೆ ಅಕ್ಷರ ತೊಡಕು. ಹೀಗಾಗಿ ಸರಿಯಾದ ಕಾಗದ ಮನೆಯಲ್ಲಿದ್ದೂ ಅಂಗಡಿಯ ಮಾತೇ ನಡೆಯುತ್ತದೆ. ಆದ್ದರಿಂದ ಈ ಶಬ್ದಗಳನ್ನು ಬರೆದುಕೊಳ್ಳಿ. ನತ್ರ ಎಂದರೆ ಸಾರಜನಕ, ಯೂರಿಯಾದಲ್ಲಿ ಇರುವುದು. ಸ್ಫುರದ ಎಂದರೆ ರಂಜಕ. ಪಾಲಾಶ ಎಂದರೆ ಪೊಟ್ಯಾಶ್. ಗಂಧಕ ಎರಡೂ ಭಾಷೆಯಲ್ಲಿ ಗಂಧಕವೇ. ಜಸ್ತ ಎಂದರೆ ಸತು, ಲೋಹ ಎಂದರೆ ಕಬ್ಬಿಣ, ತಾಂಬೆ ಎಂದರೆ ತಾಮ್ರ. ಮಂಗಲ ಎಂದು ಬರೆದಿದ್ದರೆ ಅದು ಮದುವೆಯ ಮಂಗಲವಲ್ಲ, ಮ್ಯಾಂಗನೀಸ್. ಸಾಮು ಎಂದರೆ ಮಣ್ಣಿನ ರಸಸಾರ. ಸೇಂದ್ರಿಯ ಕರ್ಬ ಎಂದರೆ ಸಾವಯವ ಇಂಗಾಲ.

ಈಗ ಅಂಕಿಗಳು. ರಸಸಾರ ಆರೂವರೆಯಿಂದ ಏಳೂವರೆ ಇದ್ದರೆ ಉತ್ತಮ. ನಮ್ಮ ಸುಣ್ಣದ ಕಲ್ಲಿರುವ ಎರೆಯಲ್ಲಿ ಅದು ಎಂಟರ ಸುತ್ತ ಇರುವುದು ಸಾಮಾನ್ಯ. ಸುಣ್ಣ ಹೆಚ್ಚಿದ್ದಲ್ಲಿ ಹಾಕಿದ ರಂಜಕ ಮಣ್ಣಿಗೆ ಅಂಟಿಕೊಳ್ಳುತ್ತದೆ, ಕಬ್ಬಿಣ ಮತ್ತು ಸತು ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಸೋಯಾದ ಎಳೆಯ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಹಾಕಿದರೆ ಹಣ ಹೋಗುತ್ತದೆ, ಹಳದಿ ಹೋಗುವುದಿಲ್ಲ. ಸಾವಯವ ಇಂಗಾಲ ಶೇಕಡಾ ಅರ್ಧಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ ಎಂದರ್ಥ. ಸತು 0.6, ಬೋರಾನ್ 0.5, ಗಂಧಕ 10 ಪಿಪಿಎಂಗಿಂತ ಕಡಿಮೆ ಇದ್ದರೆ ಅವುಗಳ ಕೊರತೆ ಇದೆ ಎಂದು ತಿಳಿಯಬೇಕು. ಮುಖ್ಯ ಪೋಷಕಾಂಶಗಳಿಗೆ ಒಂದು ಸರಳ ರೂಢಿ ಇದೆ: ‘ಮಧ್ಯಮ’ ಎಂದಿದ್ದರೆ ಶಿಫಾರಸಿನಷ್ಟೇ ಹಾಕಿ, ‘ಕಡಿಮೆ’ ಎಂದಿದ್ದರೆ ಕಾಲು ಭಾಗ ಹೆಚ್ಚಿಸಿ, ‘ಹೆಚ್ಚು’ ಎಂದಿದ್ದರೆ ಕಾಲು ಭಾಗ ಇಳಿಸಿ.

ಇದನ್ನು ಸೋಯಾಬೀನಿಗೆ ಅನ್ವಯಿಸಿ ನೋಡೋಣ. ಮರಾಠವಾಡದಲ್ಲಿ ಹೆಕ್ಟೇರಿಗೆ 30 ಕಿಲೋ ಸಾರಜನಕ, 60 ಕಿಲೋ ರಂಜಕ, 30 ಕಿಲೋ ಪೊಟ್ಯಾಶ್, ಜೊತೆಗೆ 20 ಕಿಲೋ ಗಂಧಕದ ಶಿಫಾರಸು ಇದೆ. ಎಕರೆಗೆ ಇಳಿಸಿದರೆ 12, 24, 12 ಮತ್ತು 8 ಕಿಲೋ. 50 ಕಿಲೋ ಡಿಎಪಿ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇರುತ್ತದೆ. ಅಂದರೆ ಒಂದೇ ಚೀಲದಲ್ಲಿ ಎಕರೆಯ ರಂಜಕ ಹೆಚ್ಚು ಕಡಿಮೆ ಪೂರ್ತಿಯಾಯಿತು. ಎರಡನೆಯ ಚೀಲ ಹಾಕಿದರೆ ರಂಜಕ ಇಮ್ಮಡಿ, ಗಂಧಕ ಮಾತ್ರ ಸೊನ್ನೆಯೇ. ಸೋಯಾ ಎಣ್ಣೆಕಾಳು, ಕಾಳಿನಲ್ಲಿ ಎಣ್ಣೆ ತುಂಬಲು ಅದಕ್ಕೆ ಗಂಧಕ ಬೇಕು. 2022ರಿಂದ 2025ರವರೆಗಿನ ದರದಲ್ಲಿ ಡಿಎಪಿ ಚೀಲಕ್ಕೆ 1,350 ರೂಪಾಯಿ. ನಾಲ್ಕು ಎಕರೆಗೆ ಒಂದೊಂದು ಹೆಚ್ಚಿನ ಚೀಲ ಎಂದರೆ 5,400 ರೂಪಾಯಿ ಮಣ್ಣಿಗೆ ಸುರಿದಂತಾಯಿತು.

ಡಿಎಪಿ ಸಿಗದೆ ಸರದಿಯಲ್ಲಿ ನಿಲ್ಲುವ ವರ್ಷಗಳೂ ಇವೆ. ಆಗ ಇನ್ನೊಂದು ದಾರಿ ಇದೆ. ಸಿಂಗಲ್ ಸೂಪರ್ ಫಾಸ್ಫೇಟಿನ ಒಂದು ಚೀಲದಲ್ಲಿ 8 ಕಿಲೋ ರಂಜಕ ಮತ್ತು ಐದೂವರೆ ಕಿಲೋ ಗಂಧಕ ಇರುತ್ತದೆ. ಮೂರು ಚೀಲ ಹಾಕಿದರೆ ಎಕರೆಗೆ ಬೇಕಾದ 24 ಕಿಲೋ ರಂಜಕ ಬಂತು, ಬೇಕಾದ್ದಕ್ಕಿಂತ ಹೆಚ್ಚೇ ಗಂಧಕವೂ ಬಂತು. ಸಾರಜನಕಕ್ಕೆ ಸುಮಾರು 26 ಕಿಲೋ ಯೂರಿಯಾ ಸಾಕು. ಪೊಟ್ಯಾಶಿಗೆ 20 ಕಿಲೋ ಮ್ಯುರೇಟ್ ಆಫ್ ಪೊಟ್ಯಾಶ್. ಕರಿ ಎರೆಯಲ್ಲಿ ಪೊಟ್ಯಾಶ್ ಹೆಚ್ಚಾಗಿರುವುದೇ ವಾಡಿಕೆ, ವರದಿ ಹಾಗೆಂದರೆ ಅದನ್ನೂ ಇಳಿಸಬಹುದು. ಯೂರಿಯಾ ಇದಕ್ಕಿಂತ ಹೆಚ್ಚು ಬೇಡ. ಸೋಯಾದ ಬೇರಿನ ಗಂಟುಗಳಲ್ಲಿರುವ ರೈಝೋಬಿಯಂ ಜೀವಾಣು ಗಾಳಿಯಿಂದಲೇ ಸಾರಜನಕ ತಂದುಕೊಡುತ್ತದೆ. ಯೂರಿಯಾ ಹೆಚ್ಚಾದರೆ ಆ ಗಂಟು ಸರಿಯಾಗಿ ಕಟ್ಟುವುದಿಲ್ಲ, ಗಿಡ ಬರೀ ಸೊಪ್ಪಾಗಿ ಬೆಳೆದು ಹುಳವನ್ನು ಕರೆಯುತ್ತದೆ.

ಗಡಿಯಾಚೆ ನಮ್ಮದೇ ಭಾಷೆಯ ನಾಡಿನಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 2009ರಲ್ಲಿ ಕರ್ನಾಟಕ ಸರಕಾರ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಜೊತೆಗೂಡಿ ಭೂಚೇತನ ಎಂಬ ಯೋಜನೆ ಆರಂಭಿಸಿತು. ಮಳೆಯಾಶ್ರಿತ ಬೆಳೆಗಳ ಇಳುವರಿಯನ್ನು ಶೇಕಡಾ 20ರಷ್ಟು ಹೆಚ್ಚಿಸುವುದು ಅದರ ಗುರಿ. ಜಿಲ್ಲೆ ಜಿಲ್ಲೆಗಳಿಂದ ಸಾವಿರಾರು ಮಣ್ಣಿನ ಮಾದರಿ ತಂದು ಪರೀಕ್ಷಿಸಿ, ತಾಲೂಕುವಾರು ನಕ್ಷೆ ಮಾಡಿದರು. ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಕಂಡುಬಂತು. ಅಲ್ಲಿಯವರೆಗೆ ರೈತರು ಯೂರಿಯಾ, ಡಿಎಪಿಯನ್ನೇ ಹಾಕುತ್ತಿದ್ದರು. ಬೆಳೆಗೆ ಇಲ್ಲದ್ದು ಬೇರೆಯೇ ಆಗಿತ್ತು. ಆಮೇಲೆ ಕೊರತೆ ಇರುವ ಕಡೆಗೆ ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಒದಗಿಸಿದರು. ಊರೂರಿನಲ್ಲಿ ರೈತ ಅನುವುಗಾರರನ್ನು ನೇಮಿಸಿ, ಕನ್ನಡದಲ್ಲೇ ತಿಳಿಸಿ ಹೇಳಿದರು. ಬೀದರ, ಕಲಬುರಗಿ ಜಿಲ್ಲೆಗಳು ನಮಗೆ ದೂರದವಲ್ಲ. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾಯಿತು, ಮಣ್ಣು ಬದಲಾಗಲಿಲ್ಲ. ಬಸವಕಲ್ಯಾಣ, ಭಾಲ್ಕಿ, ಔರಾದ ಕಡೆಯ ನಿಮ್ಮ ಬೀಗರನ್ನು ಕೇಳಿ ನೋಡಿ, ಅವರ ಹೊಲದ ಅನುಭವ ನಿಮಗೂ ಉಪಯೋಗಕ್ಕೆ ಬಂದೀತು. ಆದರೆ ಒಂದು ಎಚ್ಚರ: ಬೋರಾನ್‌ನಂಥ ಲಘು ಪೋಷಕಾಂಶ ಬೇಕಾಗುವುದು ಎಕರೆಗೆ ಕಿಲೋ ಲೆಕ್ಕದಲ್ಲಿ ಮಾತ್ರ. ಹೆಚ್ಚಾದರೆ ಬೆಳೆಯನ್ನೇ ಸುಡುತ್ತದೆ. ಅತಿಯಾದರೆ ಅಮೃತವೂ ವಿಷ. ಪರೀಕ್ಷೆ ಇಲ್ಲದೆ ಹಾಕಬೇಡಿ.

ಮೂರನೆಯದು ಬೀಜ. 2020ರ ಮುಂಗಾರಿಯಲ್ಲಿ ಮರಾಠವಾಡದಲ್ಲಿ ಬಿತ್ತಿದ ಸೋಯಾ ಮೊಳೆಯಲಿಲ್ಲ ಎಂಬ ದೂರುಗಳು ಸಾವಿರಗಟ್ಟಲೆ ಬಂದವು. ಬಿತ್ತಿದ ಮೇಲೆ ದೂರುವುದಕ್ಕಿಂತ ಬಿತ್ತುವ ಮೊದಲು ಪರೀಕ್ಷಿಸುವುದು ಲೇಸು. ಇದು ಮನೆಯ ತಾಯಂದಿರು ಅಂಗಳದಲ್ಲೇ ಮಾಡಬಹುದಾದ ಕೆಲಸ. ಚೀಲದ ಬೇರೆ ಬೇರೆ ಕಡೆಯಿಂದ ನೂರು ಕಾಳು ಎಣಿಸಿ ತೆಗೆದು, ಒದ್ದೆ ಗೋಣಿ ತಟ್ಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ನೆರಳಿನಲ್ಲಿಡಿ. ನಿತ್ಯ ನೀರು ಚಿಮುಕಿಸಿ. ಆರೇಳು ದಿನಕ್ಕೆ ಬಿಚ್ಚಿ ಗಟ್ಟಿ ಮೊಳಕೆ ಎಣಿಸಿ. ಎಪ್ಪತ್ತು ಬಂದರೆ ಎಕರೆಗೆ ರೂಢಿಯ 30 ಕಿಲೋ ಸಾಕು. ಅರವತ್ತೇ ಬಂದರೆ 30ನ್ನು 70ರಿಂದ ಗುಣಿಸಿ 60ರಿಂದ ಭಾಗಿಸಿ: 35 ಕಿಲೋ ಬೇಕು. ಐವತ್ತಕ್ಕಿಂತ ಕೆಳಗೆ ಬಂದರೆ ಆ ಬೀಜ ಬಿತ್ತನೆಗೆ ಯೋಗ್ಯವಲ್ಲ. ಸೋಯಾದ ಸಿಪ್ಪೆ ತೆಳು, ಚೀಲ ಎತ್ತಿ ಒಗೆದರೂ ಮೊಳಕೆ ಸಾಯುತ್ತದೆ ಎಂಬುದು ನೆನಪಿರಲಿ.

ಅಗಲವಾದ ಏರುಮಡಿಯ ಮೇಲೆ ಬಿತ್ತಿ, ಎರಡೂ ಮಗ್ಗಲಿಗೆ ಸಾಲು ಬಿಡುವ ಬಿಬಿಎಫ್ ಪದ್ಧತಿಯಲ್ಲಿ ಬೀಜ ಇನ್ನೂ ಕಡಿಮೆ ಸಾಕು, ಎಕರೆಗೆ 22 ಕಿಲೋದಷ್ಟು. ಮರಾಠಿಯಲ್ಲಿ ಇದನ್ನು ರುಂದ ವರಂಬಾ ಸರೀ ಎನ್ನುತ್ತಾರೆ. ಎರೆ ಹೊಲಕ್ಕಾಗಿ ಈ ಪದ್ಧತಿಯನ್ನು ಇಕ್ರಿಸ್ಯಾಟ್ 1970ರ ದಶಕದಲ್ಲಿ ಪಟಾನ್‌ಚೆರುವಿನಲ್ಲಿ ರೂಪಿಸಿತು. ಮಳೆ ಹೆಚ್ಚಾದಾಗ ಸಾಲಿನಿಂದ ನೀರು ಹರಿದುಹೋಗುತ್ತದೆ, ಮಳೆ ಕೈಕೊಟ್ಟಾಗ ಅದೇ ಸಾಲಿನ ಹಸಿ ಬೇರಿಗೆ ಸಿಗುತ್ತದೆ. ನಿಮ್ಮ ನಕ್ಷೆಯ ತಗ್ಗಿನ ವಲಯದಲ್ಲಿ ಮೊದಲು ಇದನ್ನು ಮಾಡಿ ನೋಡಬಹುದು.

ನಾಲ್ಕನೆಯದು ಹೊತ್ತು. ಮಿರಗ ಮಳೆ ಒಂದು ಬಿತ್ತೆಂದು ಕೂರಿಗೆ ಹೂಡುವ ಅವಸರವೇ ಎರಡನೆಯ ಬಿತ್ತನೆಗೆ ಕಾರಣ. 75ರಿಂದ 100 ಮಿಲಿಮೀಟರ್ ಮಳೆ ಆದ ಮೇಲೆಯೇ ಸೋಯಾ ಬಿತ್ತಬೇಕು ಎಂಬುದು ಕೃಷಿ ಇಲಾಖೆಯ ಸಲಹೆ. ನಿಮ್ಮ ಹೊಲದಲ್ಲಿ ಎಷ್ಟು ಆಯಿತೆಂದು ತಿಳಿಯುವುದು ಹೇಗೆ? ಮಹಾರಾಷ್ಟ್ರದಲ್ಲಿ ಮಹಾವೇಧ ಯೋಜನೆಯಡಿ ಕಂದಾಯ ಮಂಡಲಕ್ಕೊಂದರಂತೆ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿವೆ. ಆದರೆ ಮಂಡಲದಲ್ಲಿ ಬಿದ್ದ ಮಳೆ ನಿಮ್ಮ ಊರಿಗೆ ಬಿದ್ದಿರಬೇಕೆಂದಿಲ್ಲ. ಊರಿನ ಶಾಲೆಯ ಅಂಗಳದಲ್ಲಿ ಒಂದು ಅಗ್ಗದ ಮಳೆಮಾಪಕ ಇಟ್ಟು, ಮಕ್ಕಳಿಂದ ದಿನಾಲು ಮುಂಜಾನೆ ಬರೆಸಿದರೆ ಇಡೀ ಊರಿಗೆ ಉಪಕಾರ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಬಂದಂತೆ. ಪರಭಣಿಯ ವಸಂತರಾವ ನಾಯಿಕ ಮರಾಠವಾಡ ಕೃಷಿ ವಿಶ್ವವಿದ್ಯಾಲಯ ಹವಾಮಾನ ಆಧಾರಿತ ಸಲಹೆ ಕೊಡುತ್ತದೆ. ಹವಾಮಾನ ಇಲಾಖೆಯ ಮೇಘದೂತ ಎಂಬ ಮೊಬೈಲ್ ಆ್ಯಪ್ 2019ರಿಂದ ಇದೆ. ಬಿತ್ತುವ ಮೊದಲು, ಗೊಬ್ಬರ ಹಾಕುವ ಮೊದಲು, ಔಷಧ ಹೊಡೆಯುವ ಮೊದಲು ಮುಂದಿನ ನಾಲ್ಕು ದಿನದ ಮುನ್ಸೂಚನೆ ನೋಡುವ ರೂಢಿ ಇರಲಿ. ಹೊಡೆದ ಎರಡು ತಾಸಿಗೆ ಜೋರು ಮಳೆ ಬಂದರೆ ಔಷಧ ಹಳ್ಳಕ್ಕೆ ಹೋಯಿತು.

ಹೊತ್ತಿನ ಬೆಲೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ. 2016ರಲ್ಲಿ ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ ಸೇರಿ 175 ಶೇಂಗಾ ರೈತರಿಗೆ ಸಾದಾ ಮೊಬೈಲಿಗೆ ಅವರ ಭಾಷೆಯಲ್ಲೇ ಸಂದೇಶ ಕಳಿಸಿದರು: ಈಗ ಬಿತ್ತಬೇಡಿ, ಈ ವಾರ ಬಿತ್ತಿ ಎಂದು. ವರ್ಷಾನುವರ್ಷದ ಮಳೆಯ ದಾಖಲೆಯನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ಹೇಳಿದ ಮಾತು ಅದು. ಕಾದು ಬಿತ್ತಿದವರ ಇಳುವರಿ ಸರಾಸರಿ ಶೇಕಡಾ 30ರಷ್ಟು ಹೆಚ್ಚು ಬಂತೆಂದು ಸಂಸ್ಥೆ ವರದಿ ಮಾಡಿತು. ಆ ರೈತರು ಹೊಸ ಯಂತ್ರ ಕೊಂಡಿರಲಿಲ್ಲ. ದೊಡ್ಡ ಯಂತ್ರ ಬೇರೆಲ್ಲೋ ಇತ್ತು, ಅದರ ಫಲ ಒಂದು ಸಾಲಿನ ಸಂದೇಶವಾಗಿ ಬಂತು.

ಐದನೆಯದು ಔಷಧ. 2008ರಲ್ಲಿ ವಿದರ್ಭ, ಮರಾಠವಾಡಗಳ ಸೋಯಾದ ಮೇಲೆ ಎಲೆ ತಿನ್ನುವ ಹುಳು ಮುತ್ತಿಗೆ ಹಾಕಿತು. ಅದಾದ ಮೇಲೆ 2009ರಿಂದ ಮಹಾರಾಷ್ಟ್ರದಲ್ಲಿ ಕ್ರಾಪ್‌ಸ್ಯಾಪ್ ಎಂಬ ಕೀಟ ಸಮೀಕ್ಷೆ ಶುರುವಾಯಿತು. ಸೋಯಾ, ಹತ್ತಿ, ತೊಗರಿ, ಕಡಲೆ ಹೊಲಗಳಲ್ಲಿ ಹುಳು ಎಣಿಸಿ, ಅಂಕಿ ಕಳಿಸಿ, ಎಲ್ಲಿ ಹೊಡೆಯಬೇಕು, ಎಲ್ಲಿ ಬೇಡ ಎಂದು ತಿಳಿಸುವ ಕ್ರಮ ಇದು. ಇದರ ತಿರುಳು ಒಂದೇ: ಹುಳು ಕಂಡ ಕೂಡಲೇ ಹೊಡೆಯಬೇಡಿ, ಎಣಿಸಿ. ಕಡಲೆಯಲ್ಲಿ ಒಂದು ಮೀಟರ್ ಸಾಲಿಗೆ ಒಂದೆರಡು ಕಾಯಿಕೊರಕ ಸಿಕ್ಕರೆ ಹೊಡೆಯುವ ಹೊತ್ತು ಬಂತು. ಅದಕ್ಕಿಂತ ಕಡಿಮೆ ಇದ್ದರೆ ಹಕ್ಕಿಗಳು ಕೂರಲು ಕವಲುಗೋಲು ನೆಡಿ, ಬೇವಿನ ಬೀಜದ ಕಷಾಯ ಹೊಡೆಯಿರಿ, ಸಾಕು. ಎಕರೆಗೆ ಎರಡು ಮೋಹಕ ಬಲೆ ಕಟ್ಟಿದರೆ ಪತಂಗ ಬರುವುದು ಮೊದಲೇ ತಿಳಿಯುತ್ತದೆ. ಹೊಲದ ಒಂದು ಮೂಲೆಯಲ್ಲೇ ಹುಳು ಇದ್ದರೆ ಆ ಮೂಲೆಗೆ ಹೊಡೆದರೆ ಸಾಕಾಗಬಹುದು.

ಹೊಡೆಯುವಾಗ ಅಳತೆ ತಪ್ಪುವುದು ಹೆಚ್ಚು. ಅದಕ್ಕೊಂದು ಸುಲಭ ಉಪಾಯ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ಪಂಪಿನಲ್ಲಿ ಬರೀ ನೀರು ತುಂಬಿ, ನಿಮ್ಮ ನಡಿಗೆಯಲ್ಲೇ ಒಂದು ಗುಂಟೆ ಹೊಡೆಯಿರಿ. ಎಷ್ಟು ಲೀಟರ್ ಖರ್ಚಾಯಿತು ನೋಡಿ. ನಾಲ್ಕು ಲೀಟರ್ ಆಯಿತೆನ್ನಿ, 40 ಗುಂಟೆಯ ಎಕರೆಗೆ 160 ಲೀಟರ್ ಬೇಕು. 16 ಲೀಟರಿನ ಪಂಪು ಹತ್ತು ಆಯಿತು. ಔಷಧದ ಡಬ್ಬಿಯ ಮೇಲೆ ಎಕರೆಗೆ 60 ಮಿಲಿ ಎಂದಿದ್ದರೆ ಪಂಪಿಗೆ 6 ಮಿಲಿ ಹಾಕಬೇಕು. ಮುಚ್ಚಳದಿಂದ ಅಂದಾಜಿಗೆ ಸುರಿಯಬೇಡಿ, ಅಳತೆಯ ಲೋಟ ಇಟ್ಟುಕೊಳ್ಳಿ.

ಈಗ ಡ್ರೋನ್ ಮಾತು. ಡ್ರೋನಿನಿಂದ ಔಷಧ ಸಿಂಪಡಿಸುವ ನಿಯಮಾವಳಿಯನ್ನು ಕೇಂದ್ರ ಕೃಷಿ ಮಂತ್ರಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಮಹಿಳಾ ಬಚತ ಗಟಗಳಿಗೆ ಡ್ರೋನ್ ಕೊಡುವ ನಮೋ ಡ್ರೋನ್ ದೀದಿ ಯೋಜನೆ 2023ರಲ್ಲಿ ಮಂಜೂರಾಯಿತು. ಡ್ರೋನ್ ಹತ್ತು ಲೀಟರ್ ನೀರಿನಲ್ಲೇ ಎಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸುತ್ತದೆ. ಕೆಸರಿನಲ್ಲಿ ನಡೆಯಲಾಗದ ಹೊಲಕ್ಕೆ, ಎತ್ತರದ ತೊಗರಿಗೆ, ಕಬ್ಬಿಗೆ ಅದು ಅನುಕೂಲ. ಹೊಡೆಯುವ ಮನುಷ್ಯನ ಮೈಮೇಲೆ ಔಷಧ ಬೀಳುವುದಿಲ್ಲ. ಆದರೆ ಇಲ್ಲಿ ಔಷಧದ ಲೆಕ್ಕ ಪಂಪಿನದಲ್ಲ, ಎಕರೆಯದು. ಎಕರೆಯ 60 ಮಿಲಿಯೂ ಆ ಹತ್ತು ಲೀಟರಿಗೇ ಸೇರಬೇಕು. ಪಂಪಿನ ರೂಢಿಯಂತೆ 6 ಮಿಲಿ ಹಾಕಿದರೆ ಹುಳು ಸಾಯುವುದಿಲ್ಲ. ಗಾಳಿ ಇದ್ದಾಗ ಹಾರಿಸಿದರೆ ಪಕ್ಕದ ಹೊಲಕ್ಕೆ, ಜೇನಿಗೆ, ಬಾವಿಗೆ ಹೋಗುತ್ತದೆ. ಹಾರಿಸುವವರ ಬಳಿ ಪರವಾನಿಗೆ ಇದೆಯೇ ಎಂದು ಕೇಳಿ. ಬೇಡದ ಹೊತ್ತಿನಲ್ಲಿ ಇಡೀ ಎಕರೆಗೆ ಹೊಡೆದರೆ, ಡ್ರೋನಿನಿಂದ ಹೊಡೆದರೂ ಅದು ನಿಖರ ಕೃಷಿ ಆಗುವುದಿಲ್ಲ.

ಉಪಗ್ರಹದ್ದೂ ಹೀಗೆಯೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ನಮ್ಮ ಹೊಲದ ಚಿತ್ರ ತೆಗೆಯುತ್ತವೆ. ಚಿತ್ರದ ಒಂದು ಚುಕ್ಕೆ ಎಂದರೆ ಹತ್ತು ಮೀಟರ್ ಉದ್ದಗಲದ ಜಾಗ, ಹೆಚ್ಚು ಕಡಿಮೆ ಒಂದು ಗುಂಟೆ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಇವೆರಡರ ಲೆಕ್ಕದಿಂದ ಎಲ್ಲಿ ಬೆಳೆ ಚೆನ್ನಾಗಿದೆ, ಎಲ್ಲಿ ಸೊರಗಿದೆ ಎಂದು ನಕ್ಷೆಯಲ್ಲಿ ಬಣ್ಣ ಮೂಡುತ್ತದೆ. ಅದು ಎಲ್ಲಿ ಎಂದು ತೋರಿಸುತ್ತದೆ, ಏಕೆ ಎಂದು ಹೇಳುವುದಿಲ್ಲ. ಬಣ್ಣ ಕಂದಿದ ಗುಂಟೆಗೆ ಹೋಗಿ ಗಿಡ ಕಿತ್ತು ಬೇರು ನೋಡುವವರು ನೀವೇ. ಮುಂಗಾರಿಯಲ್ಲಿ ಮೋಡ ಕವಿದರೆ ಈ ಚಿತ್ರ ಸಿಗುವುದಿಲ್ಲ; ಹಿಂಗಾರಿ ಕಡಲೆ, ಜೋಳಕ್ಕೆ, ಮಾಂಜರಾ, ತೇರಣಾ ದಂಡೆಯ ಕಬ್ಬಿಗೆ ಹೆಚ್ಚು ಉಪಯೋಗ. ಕಬ್ಬಿನವರು ಇನ್ನೊಂದು ಮಾತು ಗಮನಿಸಬೇಕು. ಹನಿ ನೀರಾವರಿಯ ಕೊಳವೆಯಲ್ಲೇ ಗೊಬ್ಬರ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ನೀರು, ಗೊಬ್ಬರ ಎರಡೂ ಉಳಿಯುತ್ತವೆ. ರೈಲಿನಲ್ಲಿ ನೀರು ಬಂದ ಜಿಲ್ಲೆಯಲ್ಲಿ ಇದು ಊರಿನ ಕುಡಿಯುವ ನೀರಿನ ಪ್ರಶ್ನೆಯೂ ಹೌದು.

ಕೊನೆಯ ಹೆಜ್ಜೆ, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು, ಪರೀಕ್ಷೆ. ಯಾರ ಮಾತನ್ನೂ, ಈ ಕಾರ್ಯಕ್ರಮದ ಮಾತನ್ನೂ, ಇಡೀ ಹೊಲಕ್ಕೆ ಒಮ್ಮೆಲೇ ಅನ್ವಯಿಸಬೇಡಿ. ಹೊಸ ಅಳತೆಯನ್ನು ಒಂದು ಪಟ್ಟಿಯಲ್ಲಿ ಮಾಡಿ, ಪಕ್ಕದ ಪಟ್ಟಿಯಲ್ಲಿ ಹಳೆಯದನ್ನೇ ಇಡಿ. ಎರಡೂ ಒಂದೇ ವಲಯದಲ್ಲಿರಲಿ. ಕೊಯ್ಲಿಗೆ ಎರಡರಲ್ಲೂ ಒಂದೊಂದು ಗುಂಟೆ ಬೇರೆ ಕೊಯ್ದು, ಬಡಿದು, ತೂಗಿ. ತೂಕವನ್ನು 40ರಿಂದ ಗುಣಿಸಿದರೆ ಎಕರೆಯ ಇಳುವರಿ ಸಿಕ್ಕಿತು. ಗುಂಟೆಗೆ 20 ಕಿಲೋ ಬಂದರೆ ಎಕರೆಗೆ 8 ಕ್ವಿಂಟಲ್. ಅಮೆರಿಕದ ದೊಡ್ಡ ಕೊಯ್ಲು ಯಂತ್ರಗಳಲ್ಲಿ 1990ರ ದಶಕದಿಂದ ಕೂಡಿಸುತ್ತಿರುವ ಇಳುವರಿ ಮಾಪಕವೂ ಇದನ್ನೇ ಮಾಡುತ್ತದೆ. ನಮ್ಮಲ್ಲಿ ಹಗ್ಗ ಮತ್ತು ತಕ್ಕಡಿ ಆ ಕೆಲಸಕ್ಕೆ ಸಾಕು. ಇಳುವರಿಯ ಪಕ್ಕದಲ್ಲಿ ಖರ್ಚೂ ಬರೆಯಿರಿ. ಇಳುವರಿ ಅಷ್ಟೇ ಇದ್ದು ಖರ್ಚು ಎರಡು ಸಾವಿರ ಇಳಿದರೆ ಅದೂ ಲಾಭವೇ.

ನಾಲ್ಕಾರು ಮನೆಯವರು ಸೇರಿದರೆ ಕೆಲಸ ಇನ್ನೂ ಹಗುರ. ಮಳೆಮಾಪಕ ಒಂದು, ಅಳತೆಯ ಲೋಟ ಒಂದು, ಮಣ್ಣಿನ ಮಾದರಿ ಒಯ್ಯುವ ಗಾಡಿ ಒಂದು ಸಾಕು. ಮರಾಠಿ ಓದಬಲ್ಲ ಮೊಮ್ಮಗಳು ಚೀಟಿ ಓದಲಿ, ಹೊಲದ ಗುಣ ಬಲ್ಲ ಅಜ್ಜ ಅದರ ಅರ್ಥ ಹೇಳಲಿ, ಮನೆಯ ಯಜಮಾನಿ ಖರ್ಚಿನ ವಹಿ ಬರೆಯಲಿ. ಈ ಮೂವರು ಒಂದು ಕಟ್ಟೆಯ ಮೇಲೆ ಕುಳಿತರೆ ಅಂಗಡಿಗೆ ಹೋಗುವ ಮೊದಲೇ ಎಷ್ಟು ಚೀಲ ಬೇಕೆಂಬುದು ಮನೆಯಲ್ಲೇ ನಿರ್ಧಾರವಾಗುತ್ತದೆ. ಮುಂದಿನ ಮಿರಗದೊಳಗೆ ಕನಿಷ್ಠ ಎರಡು ಕೆಲಸ ಮುಗಿಸಿ: ಹೊಲದ ನಕ್ಷೆ ಬರೆಯಿರಿ, ವಲಯಕ್ಕೊಂದು ಮಣ್ಣಿನ ಮಾದರಿ ಕೊಡಿ. ಉಳಿದದ್ದನ್ನು ಮಣ್ಣಿನ ವರದಿ ಕೈಗೆ ಬಂದ ಮೇಲೆ ಒಂದೊಂದಾಗಿ ಮಾಡಬಹುದು.

ನಿಮ್ಮ ಹೊಲಕ್ಕೆ ಹದವಾದ ಮಳೆಯಾಗಲಿ.